ಬೆಳಿಗ್ಗೆ ಹಾಡದ ರೇಡಿಯೊ

ಭಟ್ಕಳ
೧೪ ಜೂನ್ ೧೯೯೮

ಜಯಶ್ರೀಗೆ ಆಶೀರ್ವಾದಗಳು.

ಪತ್ರದಲ್ಲಿ ಮೊದಲು ಕ್ಷೇಮ ಸಮಾಚಾರ ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಇಲ್ಲಿ ಕ್ಷೇಮವಿಲ್ಲ, ಆದ್ದರಿಂದ ಬರೆಯುವುದಿಲ್ಲ. ಫೋನಿನಲ್ಲಿ ನನ್ನ ದನಿ ಏರುತ್ತದೆ, ಕಾಗದ ಹಾಕಿ ಎಂದು ನೀನೇ ಹೇಳಿದ್ದಕ್ಕೆ ಇದು.

ನಿನ್ನ ಅಮ್ಮ ಸಿಟ್ಟು ಮಾಡಿಕೊಂಡು ಕತಗಾಲಕ್ಕೆ, ನಿನ್ನ ಮನೆಗೆ, ಹೋಗಿ ತಿಂಗಳಾಯಿತು. ಬಟ್ಟೆಬರೆ ಅರ್ಧ ಇಲ್ಲೇ ಬಿಟ್ಟಿದ್ದಾಳೆ. ಅಟ್ಟದ ಮೇಲಿದ್ದ ಹಳೆಯ ವಾಲ್ವ್ ರೇಡಿಯೊವನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೋದಳಂತೆ. ಅದು ಮದುವೆಯಲ್ಲಿ ಅವಳ ಅಪ್ಪ ಕೊಟ್ಟದ್ದು, ಅವಳದ್ದೇ, ನನ್ನ ತಕರಾರಿಲ್ಲ. ಆದರೆ ಅದು ಹಾಡುವುದಿಲ್ಲ. ಮೀಡಿಯಂ ವೇವಿನಿಂದ ಶಾರ್ಟ್ ವೇವಿಗೆ ತಿರುಗಿಸುವ ಬ್ಯಾಂಡ್ ಸ್ವಿಚ್ಚು ಒಡೆದು ವರ್ಷಗಳಾದವು. ಕೇಳಿದ್ದರೆ ಹೇಳುತ್ತಿದ್ದೆ. ಹೇಳದೆ ಕೇಳದೆ ಹೋದವಳಿಗೆ ಯಾರು ಹೇಳಬೇಕು?

ಊರವರ ರೇಡಿಯೊ ಎಲ್ಲ ರಿಪೇರಿ ಮಾಡುವವನ ಮನೆಯ ರೇಡಿಯೊ ಅಟ್ಟ ಸೇರಿತ್ತು ಎಂದು ನೀನು ನಗಬಹುದು. ದೀಪದ ಬುಡದಲ್ಲಿ ಕತ್ತಲೆ, ನಗು.

ಜಗಳ ಯಾಕೆ ಎಂದು ನೀನು ಕೇಳಿದ್ದೆ. ಗಿರಾಕಿಯ ಸೆಟ್ಟು ಬಿಚ್ಚಿಟ್ಟಿದ್ದೆ. ಇವಳು ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಲು ಹೋಗಿ ಕಾಯಿಲಿನ ತಂತಿ ಕಿತ್ತಳು. ನಾನು ಬೈದೆ. ತಪ್ಪು ಕಂಡರೆ ಹೇಳಬಾರದೆ? ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿದ್ದರೆ ತೋರಿಸಲಿ.

ನಿನ್ನ ಅಪ್ಪ,
ದುರ್ಗಪ್ಪ


ಕತಗಾಲ
೨೮ ಜೂನ್ ೧೯೯೮

ಅಪ್ಪನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ನೀವು ಬರೆಯದಿದ್ದರೂ ನಾನು ಬರೆಯುತ್ತೇನೆ.

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. 'ಒಂದು ಅಕ್ಷರ ಸುಳ್ಳಿದ್ದರೆ' ಅನ್ನುವಲ್ಲಿ ಅವಳು ಹರಿವೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ನಿನ್ನಪ್ಪ ಹೇಳೂದೆಲ್ಲ ಖರೇನೇ ಮಾರಾಯ್ತಿ. ಮದುವೆಯಾಗಿ ಬಂದಾಗಿಂದ ಬರೀ ಖರೇನೇ ಕೇಳ್ತಾ ಇದ್ದೆ. ಸಾಕಾತು" ಅಂದಳು. ಗಿರಾಕಿಗಳ ಎದುರು 'ಇಷ್ಟು ವರ್ಷ ರೇಡಿಯೊ ಅಂಗಡಿಯಲ್ಲಿದ್ದೂ ನಿನಗೆ ಬುದ್ಧಿ ಬರಲಿಲ್ಲ' ಎಂದದ್ದನ್ನು ನೀವು ಕಾಗದದಲ್ಲಿ ಬಿಟ್ಟಿದ್ದೀರಿ. ಅಮ್ಮ ಅದನ್ನು ಬಿಡಲಿಲ್ಲ.

ನಿಮ್ಮ ಅಳಿಯ ಕುಮಟೆಯಿಂದ ಒಂದು ಸಣ್ಣ ಟ್ರಾನ್ಸಿಸ್ಟರ್ ತಂದುಕೊಟ್ಟರು. ಅದನ್ನು ಅಮ್ಮ ಮೊಮ್ಮಗಳು ಧನ್ಯಾಳಿಗೆ ಆಡಲು ಕೊಟ್ಟುಬಿಟ್ಟಿದ್ದಾಳೆ. ನೀವು ಕೊಡಿಸಿದ್ದಾದರೆ ಸಿಟ್ಟು ಎನ್ನಬಹುದಿತ್ತು, ಇದು ಇವರು ಕೊಡಿಸಿದ್ದು. ಇವರಿಗೆ ನೋವಾಯಿತು ಪಾಪ, ಹೇಳಿಕೊಳ್ಳಲಿಲ್ಲ.

ಊರಿಗೆ ಯಾವಾಗ ಹೋಗುತ್ತೀ ಎಂದು ನಾನೇ ಕೇಳಿದೆ. "ಊರವ್ರದ್ದೆಲ್ಲ ಹಾಡಿಸಿದ್ರಲೆ, ನಂದೂ ಒಂದು ಹಾಡ್ಲಿ. ಮತ್ತೆ ನೋಡ್ವ" ಅಂದಳು. ಇದಕ್ಕಿಂತ ಸ್ಪಷ್ಟವಾಗಿ ಅಮ್ಮ ಯಾವತ್ತಾದರೂ ಮಾತಾಡಿದ್ದುಂಟೆ? ಸರಿ ಮಾಡಿಕೊಡಿ ಅಪ್ಪ.

ನಿಮ್ಮ ಮಗಳು,
ಜಯಶ್ರೀ


ಭಟ್ಕಳ
೧೯ ಜುಲೈ ೧೯೯೮

ಜಯಶ್ರೀಗೆ ಆಶೀರ್ವಾದ.

ಸರಿ ಮಾಡಿಕೊಡಿ ಎಂದು ಬರೆಯಲು ಅರ್ಧ ಸಾಲು ಸಾಕು. ಆ ಸ್ವಿಚ್ಚು ಮಾಡುತ್ತಿದ್ದ ಕಂಪನಿಯೇ ಈಗಿಲ್ಲ. ಹುಬ್ಬಳ್ಳಿಯ ರೇಡಿಯೊ ಸಾಮಾನಿನ ಅಂಗಡಿಗೆ ಬರೆದೆ, ಉತ್ತರವೇ ಇಲ್ಲ. ಹೊನ್ನಾವರದ ಗುಜರಿಯಲ್ಲಿ ಅದೇ ಮಾದರಿಯ ಸೆಟ್ಟು ಬಿದ್ದಿದೆ ಎಂದು ಕೇಳಿ, ಸುರಿಯುವ ಮಳೆಯಲ್ಲಿ ಹೋದೆ. ಸೆಟ್ಟಿತ್ತು. ಒಳಗೆ ಇಲಿ ಮರಿ ಹಾಕಿತ್ತು. ಸ್ವಿಚ್ಚನ್ನು ನನಗಿಂತ ಮೊದಲೇ ಯಾರೋ ಕಿತ್ತುಕೊಂಡು ಹೋಗಿದ್ದರು. ನೆನೆದ ಕೊಡೆ ಹಿಡಿದುಕೊಂಡು ವಾಪಸು ಬಂದೆ.

ಆದ್ದರಿಂದ ನಾನೇ ಮಾಡಬೇಕು. ಸ್ವಿಚ್ಚಿನೊಳಗೆ ಕಂದು ಬಣ್ಣದ ದುಂಡು ಬಿಲ್ಲೆ ಇದೆ, ಅದರ ಸುತ್ತ ಬೆಳ್ಳಿ ಲೇಪದ ಸಣ್ಣ ನಾಲಿಗೆಗಳು. ಬಿಲ್ಲೆ ತಿರುಗಿದ ಹಾಗೆ ಒಂದೊಂದು ನಾಲಿಗೆ ಒಂದೊಂದು ತಂತಿಯನ್ನು ಮುಟ್ಟುತ್ತದೆ. ಸೀಳಿರುವುದು ಆ ಬಿಲ್ಲೆ. ರೇಡಿಯೊ ಕಳಿಸು. ಆಗದಿದ್ದರೆ ಬಿಲ್ಲೆಯನ್ನಾದರೂ ಬಿಚ್ಚಿ ಕಳಿಸು. ರೋಗಿ ಕತಗಾಲದಲ್ಲಿ, ವೈದ್ಯ ಭಟ್ಕಳದಲ್ಲಿ ಅಂದರೆ ಹೇಗೆ?

ಅಪ್ಪ


ಕತಗಾಲ
೩ ಆಗಸ್ಟ್ ೧೯೯೮

ಅಪ್ಪನಿಗೆ ನಮಸ್ಕಾರ.

ರೇಡಿಯೊ ಕಳಿಸಲು ಅಮ್ಮ ಒಪ್ಪುವುದಿಲ್ಲ, ಬಿಲ್ಲೆಯನ್ನೂ ಕೊಡುವುದಿಲ್ಲ. "ಹೋದದ್ದು ಮತ್ತೆ ಅಟ್ಟಕ್ಕೇ ಸೈ" ಅನ್ನುತ್ತಾಳೆ. ಹಾಗೆಂದು ವೈದ್ಯರು ಇಲ್ಲಿಗೆ ಬರಬಾರದೆಂದು ಯಾರೂ ಹೇಳಿಲ್ಲ. ಭಟ್ಕಳದಿಂದ ಕುಮಟೆಗೆ ಬಸ್ಸಿದೆ, ಕುಮಟೆಯಿಂದ ಶಿರಸಿ ಬಸ್ಸು ನಮ್ಮ ಮನೆ ಮುಂದೆಯೇ ನಿಲ್ಲುತ್ತದೆ.

ಅಮ್ಮ ಅಂಗಳ ಗುಡಿಸಲು ಎದ್ದಾಗ ಇವರು ಹಿಂದಿನ ಹಲಗೆ ತೆಗೆದು ಬಿಲ್ಲೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದಾರೆ. ಇದರ ಜೊತೆ ಇಟ್ಟಿದ್ದೇನೆ. ಅಳತೆ ಸರಿ ಇದೆ ಎಂದಿದ್ದಾರೆ.

ಅಮ್ಮ ಆರಾಮಾಗಿದ್ದಾಳೆ. ನನ್ನ ಹೊಲಿಗೆ ಮಷಿನಿಗೆ ಎಣ್ಣೆ ಬಿಟ್ಟು ಸರಾಗ ಮಾಡಿಕೊಂಡು ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದಾಳೆ. ನೀವು ಹೇಗಿದ್ದೀರಿ, ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ ಎಂದು ಅವಳು ಕೇಳಲಿಲ್ಲ. ಆದರೆ ನಿಮ್ಮ ಕಾಗದ ಓದಿದ ಮೇಲೆ ಇನ್ನೊಂದು ಹಾಳೆ ಇದೆಯೇನೋ ಎಂದು ಲಕೋಟೆಯೊಳಗೆ ನೋಡಿದಳು.

ಜಯಶ್ರೀ


ಭಟ್ಕಳ
೩೦ ಆಗಸ್ಟ್ ೧೯೯೮

ಜಯಶ್ರೀಗೆ,

ಬಿಲ್ಲೆ ಕಳಿಸಿದ್ದೇನೆ. ಕುಮಟೆ ಬಸ್ಸಿನ ಕಂಡಕ್ಟರ್ ಶನಿಯಾರನ ಕೈಯಲ್ಲಿ ಕೊಟ್ಟಿದ್ದೇನೆ, ಬಸ್‌ಸ್ಟ್ಯಾಂಡಿನಲ್ಲಿ ಅಳಿಯ ತೆಗೆದುಕೊಳ್ಳಲಿ.

ಕರೆಂಟು ಹರಿಯದ ಗಟ್ಟಿ ಹೈಲಮ್ ಶೀಟು ಕತ್ತರಿಸಿ ಬಿಲ್ಲೆ ಮಾಡಿದೆ. ನಾಲಿಗೆಗೆ ಹಿತ್ತಾಳೆ ಹಾಕಿದರೆ ಮೂರು ದಿನಕ್ಕೆ ಬಗ್ಗಿಹೋಗುತ್ತದೆ. ಹಳೆಯ ಟೆಲಿಫೋನ್ ರಿಲೇ ಒಡೆದು ಅದರ ತಗಡಿನಲ್ಲಿ ಕತ್ತರಿಸಿದೆ. ತಿರುಗಿಸಿದಾಗ 'ಕಟ್' ಎಂದು ನಿಲ್ಲಲು ಕೊಡೆಯ ಕಡ್ಡಿಯಿಂದ ಸ್ಪ್ರಿಂಗು, ಸೈಕಲ್ಲಿನ ಬೇರಿಂಗಿನಿಂದ ಗುಂಡು. ಕಡ್ಡಿ ಎರಡು ಸಲ ಮುರಿಯಿತು. ಒಂದು ಚೂರು ಇನ್ನೂ ಹೆಬ್ಬೆರಳೊಳಗಿದೆ. ತಂತಿಗಳಿಗೆ ಬಣ್ಣದ ನೂಲು ಕಟ್ಟಿ ಯಾವುದು ಎಲ್ಲಿಗೆ ಎಂದು ಚೀಟಿ ಬರೆದಿದ್ದೇನೆ. ಅಳಿಯ ಕಂಬ ಹತ್ತುವ ಲೈನ್‌ಮನ್, ಅವನಿಗೆ ತಂತಿ ಅಂದರೆ ಹಗ್ಗದಷ್ಟು ದಪ್ಪ ಎಂದು ನನಗೆ ಗೊತ್ತು. ನಿಧಾನ ಮಾಡಲಿ.

ಹಾಡಿದ ಕೂಡಲೇ ಬರೆ. ಅವಳು ಯಾವ ಬಸ್ಸಿಗೆ ಬರುತ್ತಾಳೆ ಎಂದೂ ಬರೆ.

ಅಪ್ಪ


ಕತಗಾಲ
೮ ಸೆಪ್ಟೆಂಬರ್ ೧೯೯೮

ಅಪ್ಪನಿಗೆ,

ಹಾಡಿತು. ಆದರೆ ಮೀಡಿಯಂ ವೇವಿಗೆ ತಿರುಗಿಸಿದರೆ ಶಾರ್ಟ್ ವೇವು, ಶಾರ್ಟ್ ವೇವಿಗೆ ತಿರುಗಿಸಿದರೆ ಬರೀ ಗೊರಗೊರ. ಧಾರವಾಡ ಎಲ್ಲೂ ಇಲ್ಲ. ಅಮ್ಮ ಸ್ವಲ್ಪ ಹೊತ್ತು ಕೇಳಿ ಎದ್ದು ಹೋದಳು. ಇವರು ಚೀಟಿ ಹಿಡಿದುಕೊಂಡು ಭಾನುವಾರ ಇಡೀ ದಿನ ಕೂತಿದ್ದಾರೆ, ಅವರನ್ನು ಬೈಯಬೇಡಿ.

ಜಯಶ್ರೀ


ಭಟ್ಕಳ
೨೭ ಸೆಪ್ಟೆಂಬರ್ ೧೯೯೮

ಜಯಶ್ರೀಗೆ,

ಅವನನ್ನಲ್ಲದೆ ಯಾರನ್ನು ಬೈಯಲಿ? ಬಿಲ್ಲೆಯ ಗುರುತು ತೆಗೆದದ್ದು ಹಿಂದಿನ ಹಲಗೆಯ ಕಡೆಯಿಂದ. ನಾನು ಮುಂದಿನಿಂದ ಎಂದು ತಿಳಿದು ಕತ್ತರಿಸಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದಿದೆ. ಹದಿನೈದು ದಿನದ ಕೆಲಸ ನೀರಿನಲ್ಲಿ ಹೋಮ.

ಅಂಗಡಿಗೆ ಈಗ ರೇಡಿಯೊ ತರುವವರಿಲ್ಲ. ಟಿವಿಯ ರಿಮೋಟು ತರುತ್ತಾರೆ. ಅದನ್ನು ಬದಿಗಿಟ್ಟು ಎರಡನೇ ಬಿಲ್ಲೆ ಮಾಡಿದ್ದೇನೆ. ನೋಡಿದವರು ಕಂಪನಿಯದೇ ಅನ್ನಬೇಕು, ಹಾಗಿದೆ. ಇದೂ ಆಗದಿದ್ದರೆ ನನ್ನನ್ನು ಕೇಳಬೇಡಿ.

ಅಪ್ಪ


ಕತಗಾಲ
೧೮ ಅಕ್ಟೋಬರ್ ೧೯೯೮

ಅಪ್ಪನಿಗೆ ನಮಸ್ಕಾರಗಳು.

ಹಾಡಿತು, ಸರಿಯಾಗಿಯೇ ಹಾಡಿತು! ಧಾರವಾಡ ಸ್ವಚ್ಛವಾಗಿ ಬಂತು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ರೇಡಿಯೊದ ಪಕ್ಕ ನಿಂತಳು, ಕೂರಲಿಲ್ಲ. ಕೃಷಿ ವಾರ್ತೆಯನ್ನೂ ಪೂರ್ತಿ ಕೇಳಿದಳು.

ಸ್ವಿಚ್ಚು ಮೊದಮೊದಲು ತುಂಬ ಬಿಗಿ ಇತ್ತು. ಅಮ್ಮನ ಬೆರಳಿಗೆ ತಿರುಗುತ್ತಿರಲಿಲ್ಲ. ಈಗ ಸರಾಗವಾಗಿದೆ, ಅವಳೇ ತಿರುಗಿಸುತ್ತಾಳೆ.

ಊರಿನ ಮಾತು ತೆಗೆದೆ. "ದೀಪಾವಳಿ ಕಳೀಲಿ" ಅಂದಳು. ಇಲ್ಲ ಅನ್ನಲಿಲ್ಲವಲ್ಲ.

ಜಯಶ್ರೀ


ಭಟ್ಕಳ
೮ ನವೆಂಬರ್ ೧೯೯೮

ಜಯಶ್ರೀಗೆ ಆಶೀರ್ವಾದ.

ದೀಪಾವಳಿ ಕಳೆಯಿತು. ಮನೆಯ ಜೇಡರ ಬಲೆ ತೆಗೆಸಿದ್ದೇನೆ. ನೀರೊಲೆಯ ಹೊಗೆಗೂಡು ಕಟ್ಟಿತ್ತು, ಅದನ್ನೂ ಬಿಡಿಸಿದೆ. ಅವಳಿಗೆ ಹೇಳಬೇಕೆಂದೇನಿಲ್ಲ, ಸುಮ್ಮನೆ ಬರೆದೆ.

ಅಪ್ಪ


ಕತಗಾಲ
೨ ಡಿಸೆಂಬರ್ ೧೯೯೮

ಅಪ್ಪನಿಗೆ ನಮಸ್ಕಾರ.

ಇದನ್ನು ಹೇಗೆ ಬರೆಯಲಿ ಎಂದೇ ಇಷ್ಟು ದಿನ ತಡ ಮಾಡಿದೆ. ರೇಡಿಯೊ ಬೆಳಿಗ್ಗೆ ಹಾಡುವುದಿಲ್ಲ. ದೀಪ ಹತ್ತುತ್ತದೆ, ದನಿ ಇಲ್ಲ. ಹಾಗೇ ಬಿಟ್ಟರೆ ನಾವು ತಿಂಡಿ ತಿಂದು ಏಳುವ ಹೊತ್ತಿಗೆ ತನ್ನಷ್ಟಕ್ಕೆ ಶುರುವಾಗುತ್ತದೆ. ಮಧ್ಯಾಹ್ನ ಸರಿ, ಸಂಜೆಯೂ ಸರಿ. ಅಮ್ಮನಿಗೆ ಬೇಕಾದದ್ದು ಬೆಳಗಿನ ಭಕ್ತಿಗೀತೆ ಮಾತ್ರ.

ಸೀರೆಗಳನ್ನು ಮಡಿಸಿ ಚೀಲದ ಪಕ್ಕ ಇಟ್ಟಿದ್ದಳು. ಮೊನ್ನೆ ಅವನ್ನು ತಿರುಗಿ ಗೂಟಕ್ಕೆ ಹಾಕಿದಳು. "ಅರೆಬರೆ ಕೆಲಸ" ಅಂದಳು, ಅಷ್ಟೇ.

ಜಯಶ್ರೀ


ಭಟ್ಕಳ
೧೦ ಡಿಸೆಂಬರ್ ೧೯೯೮

ಜಯಶ್ರೀಗೆ,

ಅರೆಬರೆ ಎಂದಳೇ? ನಾನು ಅರೆಬರೆ ಕೆಲಸ ಮಾಡುವವನಲ್ಲ. ಅದೇ ಬಿಲ್ಲೆಯ ಜೋಡಿ ಹಾಕಿದ ಹಳೆಯ ಸೆಟ್ಟೊಂದು ಇಲ್ಲಿ ನನ್ನ ಮೇಜಿನ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಾಡುತ್ತಿದೆ. ನಿಮ್ಮಲ್ಲಿ ಬೆಳಿಗ್ಗೆ ವೋಲ್ಟೇಜು ಬೀಳುತ್ತಿರಬೇಕು, ಅಳಿಯನನ್ನು ಕೇಳು, ಅವನದೇ ಇಲಾಖೆ. ಇಲ್ಲವೇ ಇಲಿ ತಂತಿ ಕಡಿದಿರಬೇಕು. ಇಲ್ಲವೇ ಯಾರೋ ಒಳಗೆ ಕೈ ಹಾಕಿದ್ದಾರೆ.

ಆದರೂ ನಾಲಿಗೆಗಳನ್ನು ಇನ್ನೂ ಗಟ್ಟಿ ಮಾಡಿ ಮೂರನೆಯದನ್ನು ಕಳಿಸಿದ್ದೇನೆ. ಹಾಕಿ ನೋಡಿ.

ಅಪ್ಪ


ಕತಗಾಲ
೨೨ ಡಿಸೆಂಬರ್ ೧೯೯೮

ಅಪ್ಪನಿಗೆ,

ಹಾಕಿ ನೋಡಿದೆವು. ಮೊದಲ ಎರಡು ಬೆಳಿಗ್ಗೆ ಹಾಡಿತು. ಅಮ್ಮ ಸೀರೆಗಳನ್ನು ಗೂಟದಿಂದ ಇಳಿಸಿದಳು. ಮೂರನೆಯ ಬೆಳಿಗ್ಗೆ ಮತ್ತೆ ಮೂಕ.

ವೋಲ್ಟೇಜು ಸರಿ ಇದೆ. ಇವರು ಕೆಲಸದ ಮೀಟರು ತಂದು ನೋಡಿದರು. ಇಲಿಯೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನಿಮ್ಮದು. ಅಪ್ಪ, ನನಗೆ ಸಾಕಾಗಿದೆ. ನೀವು ಬರೆದದ್ದನ್ನು ಅಮ್ಮನಿಗೆ ಓದುವಾಗ ಅರ್ಧ ನುಂಗಬೇಕು, ಅಮ್ಮ ಅಂದದ್ದನ್ನು ನಿಮಗೆ ಬರೆಯುವಾಗ ಅರ್ಧ ನುಂಗಬೇಕು. ಇಬ್ಬರೂ ಸ್ವಿಚ್ಚಿನ ಮಾತೇ ಆಡುತ್ತೀರಿ. ನಡುವೆ ನಾನೊಂದು ಬಿಲ್ಲೆ.

ಇದು ಬೆಳಗಿನ ಕಾಯಿಲೆ. ಭಟ್ಕಳದಲ್ಲಿ ಕೂತು ಕಾಣುವುದಿಲ್ಲ. ಸಂಜೆ ಬಂದು ರಾತ್ರಿ ಇಲ್ಲಿ ಉಳಿದು ಬೆಳಿಗ್ಗೆ ನೋಡಿ. ಹೋದವಳು ಅವಳು, ಬರಬೇಕಾದವಳೂ ಅವಳೇ ಎಂದು ನೀವು ಪ್ರತಿ ಕಾಗದದಲ್ಲೂ ಬರೆಯದೆ ಬರೆದಿದ್ದೀರಿ. ಈಗ ಅವಳನ್ನು ನೋಡಲು ಬರಬೇಡಿ. ರೇಡಿಯೊ ನೋಡಲು ಬನ್ನಿ.

ಬರುವಾಗ ಸ್ವೆಟರ್ ತನ್ನಿ. ಘಟ್ಟದ ಗಾಳಿ ಇಳಿಯುತ್ತಿದೆ, ಧನ್ಯಾಳ ತಲೆಗೆ ಹಚ್ಚುವ ಎಣ್ಣೆಯ ಸೀಸೆಯನ್ನು ಬೆಳಿಗ್ಗೆ ಒಲೆಯ ಪಕ್ಕ ಇಡಬೇಕಾಗುತ್ತದೆ.

ಜಯಶ್ರೀ


ಭಟ್ಕಳ
೨೯ ಡಿಸೆಂಬರ್ ೧೯೯೮

ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ರೇಡಿಯೊ ನೋಡಲು.

ದುರ್ಗಪ್ಪ


ಭಟ್ಕಳ
೬ ಜನವರಿ ೧೯೯೯

ಜಯಶ್ರೀಗೆ ಆಶೀರ್ವಾದಗಳು.

ಈ ಕಾಗದವನ್ನು ಅಮ್ಮನಿಗೆ ಓದಬೇಡ.

ಶನಿವಾರ ಸಂಜೆ ರೇಡಿಯೊ ಹಾಡಿದಾಗ ನಾನು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ, ನೀನು ನೋಡಿದ್ದೀ. ಬೆಳಿಗ್ಗೆ ನೀನು ಹಾಲು ಕರೆಯಲು ಕೊಟ್ಟಿಗೆಗೆ ಹೋದಾಗ ಹಚ್ಚಿದೆ. ಮೂಕ. ಪಿನ್ನು ತೆಗೆದು ಹಿಂದಿನ ಹಲಗೆ ಬಿಚ್ಚಿದೆ. ನಿನ್ನ ಅಮ್ಮ ಕರೆಯದೆಯೇ ಬಂದು ಟಾರ್ಚ್ ಹಿಡಿದಳು. ಹಿಂದೆಲ್ಲ ಹಾಗೆಯೇ ಹಿಡಿಯುತ್ತಿದ್ದಳು.

ನಾನು ಮಾಡಿದ ನಾಲಿಗೆಗಳ ಮೇಲೆಲ್ಲ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ತೆಂಗಿನೆಣ್ಣೆ. ಬಿಗಿ ಇದ್ದದ್ದು ಸರಾಗವಾಯಿತು ಎಂದು ನೀನು ಬರೆದದ್ದು ಆಗ ನೆನಪಾಯಿತು. ಹೊಲಿಗೆ ಮಷಿನಿಗೆ ಬಿಟ್ಟ ಹಾಗೆ ಸಂಜೆ ಸಂಜೆ ಸ್ವಿಚ್ಚಿಗೂ ಎಣ್ಣೆ ಬಿಟ್ಟಿದ್ದಾಳೆ. ನಿಮ್ಮಲ್ಲಿಯ ಚಳಿಗೆ ರಾತ್ರಿ ಅದು ಹೆಪ್ಪುಗಟ್ಟುತ್ತದೆ, ನಾಲಿಗೆ ತಂತಿಯನ್ನು ಮುಟ್ಟುವುದಿಲ್ಲ. ವಾಲ್ವು ಕಾದ ಮೇಲೆ ಎಣ್ಣೆ ಕರಗುತ್ತದೆ, ಹಾಡುತ್ತದೆ. ಭಟ್ಕಳದ ಸೆಕೆಯಲ್ಲಿ ನಾನು ನೂರು ವರ್ಷ ತಲೆ ಕೆರೆದುಕೊಂಡಿದ್ದರೂ ಇದು ತಿಳಿಯುತ್ತಿರಲಿಲ್ಲ. ಮೂರು ಬಿಲ್ಲೆ, ಆರು ತಿಂಗಳು, ನನ್ನ ಹೆಬ್ಬೆರಳು, ಅಳಿಯನ ಭಾನುವಾರಗಳು, ಎಲ್ಲ ಒಂದು ಹನಿ ಎಣ್ಣೆಗೆ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿನಗೆ ಗೊತ್ತಲ್ಲ ಯಾವ ಮಾತು. ಹೇಳಲು ತಲೆ ಎತ್ತಿದೆ. ಅವಳು ಎರಡೂ ಕೈಯಲ್ಲಿ ಟಾರ್ಚ್ ಹಿಡಿದು, ಹೆಗಲು ಒಳಗೆಳೆದುಕೊಂಡು, ಕಣ್ಣು ಕೆಳಗೆ ಹಾಕಿ ನಿಂತಿದ್ದಳು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ತಪ್ಪು ಏನೆಂದು ಅವಳಿಗೆ ಗೊತ್ತಿರಲಿಲ್ಲ, ಬೈಗುಳ ಬರುತ್ತದೆ ಎಂದು ಮಾತ್ರ ಗೊತ್ತಿತ್ತು. ಇಷ್ಟು ವರ್ಷ ನಾನು ಬೆಳಕು ಬಿದ್ದ ಕಡೆ ಮಾತ್ರ ನೋಡುತ್ತಿದ್ದೆ, ಟಾರ್ಚ್ ಹಿಡಿದವಳ ಮುಖ ನೋಡಿರಲಿಲ್ಲ.

"ನಾ ಮಾಡಿದ ಬಿಲ್ಲೆನೇ ಸಮ ಇಲ್ಲ. ನಾಲಿಗೆ ಕಚ್ಚೂದಿಲ್ಲ. ನನ್ನದೇ ತಪ್ಪು" ಅಂದೆ.

ಅವಳು "ಹೌದಾ" ಅಂದಳು. ಟಾರ್ಚ್ ಕೆಳಗಿಟ್ಟು, "ಚಾ ಮಾಡ್ತೆ" ಅಂದಳು.

ಅವಳು ಒಳಗೆ ಹೋದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ, ಇಕ್ಕಳ ಹಿಡಿದು ಏನೋ ಸರಿ ಮಾಡುವವನ ಹಾಗೆ ಕೂತೆ. ಹಾಡಿತು. ಜಯಶ್ರೀ, ಆ ಬಿಲ್ಲೆ ನಾನು ಈ ಜನ್ಮದಲ್ಲಿ ಮಾಡಿದ್ದರಲ್ಲೇ ಒಳ್ಳೆಯ ಕೆಲಸ. ಅದನ್ನು ಕೆಟ್ಟದ್ದು ಎಂದು ನನ್ನ ಬಾಯಿಂದಲೇ ಹೇಳಿದೆ. ಬಸ್ಸಿನಲ್ಲಿ ಹೊನ್ನಾವರದ ಸೇತುವೆ ದಾಟುವವರೆಗೂ ಅದನ್ನೇ ನೆನೆಯುತ್ತಾ ಬಂದೆ.

ಇನ್ನು ಎಣ್ಣೆ ಬಿಡದ ಹಾಗೆ ಏನಾದರೊಂದು ನೆಪ ಹೇಳಿ ನೋಡಿಕೋ. ನಿಜ ಹೇಳಬೇಡ. ಅವಳು ಬಾ ಎಂದರೆ ಬರುವವಳಲ್ಲ, ಅದಕ್ಕೆ ಕರೆಯಲಿಲ್ಲ. ಕರೆಯಬೇಕಿತ್ತೇನೋ.

ನಿನ್ನ ಅಪ್ಪ


ಕತಗಾಲ
೧೩ ಜನವರಿ ೧೯೯೯

ಅಪ್ಪನಿಗೆ ನಮಸ್ಕಾರಗಳು.

ನೀವು ಹೇಳಿದ ಹಾಗೆ ನೆಪ ಹುಡುಕುತ್ತಾ ಕೂತಿದ್ದೆ. ಬೇಕಾಗಲಿಲ್ಲ.

ಸ್ವಿಚ್ಚು ಒರೆಸಿದ ಬಟ್ಟೆಯನ್ನು ನೀವು ರೇಡಿಯೊದ ಹಿಂದೆಯೇ ಮರೆತು ಹೋಗಿದ್ದಿರಿ. ನಿನ್ನೆ ಬೆಳಿಗ್ಗೆ ಅಮ್ಮ ಅದನ್ನು ಒಗೆಯಲು ತೆಗೆದುಕೊಂಡಳು. ಬಟ್ಟೆಯ ಮೇಲೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಮೂಸಿ ನೋಡಿದಳು. ಒಲೆಯ ಪಕ್ಕದಲ್ಲಿದ್ದ ಧನ್ಯಾಳ ಎಣ್ಣೆ ಸೀಸೆಯನ್ನು ನೋಡಿದಳು. ಮತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಾ ಎಣ್ಣೆ ಬಿಟ್ಟಿದ್ದಕ್ಕೇ ಆಗಿದ್ದಾ?" ಎಂದು ಕೇಳಿದಳು. ನಾನು ದೋಸೆ ಕಾವಲಿಯನ್ನು ನೋಡುತ್ತಾ ನಿಂತೆ. ನಿಮ್ಮಷ್ಟು ಚೆನ್ನಾಗಿ ಸುಳ್ಳು ಹೇಳಲು ನನಗೆ ಬರಲಿಲ್ಲ.

"ಅವ್ರಿಗೆ ಗೊತ್ತಾಗಿತ್ತು. ನೋಡಿದ ಕೂಡ್ಲೆ ಗೊತ್ತಾಗಿರ್ತದೆ" ಅಂದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ, ನಗುತ್ತಿದ್ದಳು. ಎರಡೂ ಇದ್ದಿರಬಹುದು. "ಮದುವೆಯಾಗಿ ಬಂದಾಗಿಂದ ನಂಗೆ ಒಂದು ಸುಳ್ಳು ಹೇಳಿದವ್ರಲ್ಲ ನಿನ್ನಪ್ಪ. ಇದೇ ಮೊದ್ಲು. ಆ ಚೀಲ ತೆಗಿ" ಅಂದಳು.

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ರೇಡಿಯೊ ತೊಡೆಯ ಮೇಲೆ ಇರುತ್ತದೆ, ನಿಲ್ದಾಣಕ್ಕೆ ಬಂದು ಇಳಿಸಿಕೊಳ್ಳಿ. ಎಣ್ಣೆಯ ವಿಷಯ ತನಗೆ ಗೊತ್ತಾಗಿದೆ ಎಂದು ನಿಮಗೆ ಬರೆಯಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಬರೆದಿದ್ದೇನೆ. ನೀವು ಗೊತ್ತಿಲ್ಲದವರ ಹಾಗೆ ಇರಿ. ಒಂದು ಸುಳ್ಳು ಹೇಳಿದ್ದೀರಿ, ಇದು ಎರಡನೆಯದು.

ನಿಮ್ಮ ಮಗಳು,
ಜಯಶ್ರೀ